ನಿರ್ದೇಶಕರ ಧ್ವನಿಯಲ್ಲಿ ನಾನು ಹೇಳಿದ ಮಾತು

ಆ ಮಧ್ಯಾಹ್ನ ವಾಕಿಟಾಕಿಯಲ್ಲಿ ನಾನು ಹೇಳಿದ್ದು ನಾಲ್ಕೇ ಪದ. ಪದಗಳೂ ನನ್ನವಲ್ಲ, ಧ್ವನಿಯೂ ನನ್ನದಲ್ಲ. ಅದಾದ ಮೇಲೆ ಹನ್ನೊಂದು ದಿನ ನನ್ನೊಡನೆ ತಿರುಗಿದ ಹೆದರಿಕೆ ಮಾತ್ರ ಪೂರ್ತಿ ಸ್ವಂತದ್ದು.

ನಾನು ಚಿಕ್ಕಂದಿನಿಂದ ಇನ್ನೊಬ್ಬರ ಧ್ವನಿಯಲ್ಲಿ ಬದುಕಿದವನು. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಭಾನುವಾರಗಳಂದು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಮನೆಯವರೆಲ್ಲ ಸೇರುತ್ತಿದ್ದರು. ಊಟವಾದ ಮೇಲೆ ನಾನೇ ಐಟಂ. ಮಾರ್ಟ್‌ಗೇಜ್ ಬಡ್ಡಿ ಏರಿದ್ದನ್ನು ಯಾರೋ ತೀರಿಕೊಂಡ ಸುದ್ದಿಯಂತೆ ಹೇಳುವ ಅಂಕಲ್, ಇಲ್ಲೇ ಕಾಯಂ ಉಳಿಯಲು ಪಿಆರ್ ಸಿಕ್ಕಿದ್ದನ್ನು ಹೆರಿಗೆಯ ಕತೆಯಂತೆ ಹೇಳುವ ಆಂಟಿ, ಬ್ಯಾಂಕಿನವರೊಡನೆ ಇಂಗ್ಲಿಷಿನಲ್ಲಿ ಬೆಣ್ಣೆಯಂತೆ ಮಾತಾಡಿ, ಫೋನಿಟ್ಟ ಕೂಡಲೇ ಧಾರವಾಡದ ಕನ್ನಡದಲ್ಲಿ ಅವರ ವಂಶವನ್ನೇ ಜಾಲಾಡುವ ನನ್ನಪ್ಪ, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಅವರವರು ಕೈ ತೊಳೆಯಲು ಎದ್ದು ಹೋದ ಮೇಲೆ ಮಾತ್ರ. ನನ್ನ ಶೌರ್ಯ ಯಾವತ್ತೂ ಬೆನ್ನ ಹಿಂದಿನದು. ನನ್ನನ್ನೇ ಅನುಕರಿಸುವುದಂತೂ ತೀರಾ ಸುಲಭ: ಬಾಯಿ ತೆರೆಯಬೇಕು, ಏನು ಹೇಳಬೇಕೆಂದು ತಿಳಿಯದೆ ಹಲ್ಲು ಕಿರಿಯಬೇಕು.

ಒಂದು ವರ್ಷ ಎಂಜಿನಿಯರಿಂಗ್ ಓದಿ, ಬಿಟ್ಟು, ಶೂಟಿಂಗ್ ಕೆಲಸಕ್ಕೆ ಸೇರಿದೆ. ಮೆಲ್ಬರ್ನ್‌ನಲ್ಲಿ ಒಂದು ಟೆಲಿವಿಷನ್ ಸರಣಿಗೆ ಮೂರನೇ ಸಹಾಯಕ ನಿರ್ದೇಶಕನಾದೆನೆಂದು ಮನೆಗೆ ಫೋನು ಮಾಡಿದಾಗ ಅಪ್ಪ ಕೇಳಿದ್ದು ಒಂದೇ: "ಮೂರನೇದ ಅಂದ್ರ? ಮ್ಯಾಲಿನ ಇಬ್ಬರು ಸತ್ತರ ನಿನಗ ಕೆಲಸೇನು?"

ಕೆಲಸ ಇತ್ತು. ಬೆಳಿಗ್ಗೆ ಎಲ್ಲರಿಗೂ ವಾಕಿಟಾಕಿ ಹಂಚುವುದು, ಬ್ಯಾಟರಿ ಬದಲಿಸುವುದು, ನಟರನ್ನು ಕರೆತರುವುದು, ರಸ್ತೆಯಲ್ಲಿ ವಾಹನ ತಡೆಯುವುದು. ನಾನು ಊರಂಚಿನ ವಿಂಡಮ್ ವೇಲ್‌ನಲ್ಲಿ ಒಂದು ರೂಮು ರೆಂಟ್‌ಗೆ ಹಿಡಿದಿದ್ದೆ. ನಿರ್ದೇಶಕರಿಗೆ ಪಕ್ಕದ ವೆರಿಬೀಯಲ್ಲಿ ಮನೆ ಕೊಟ್ಟಿದ್ದರು. ಅವರು ಕಾರು ಓಡಿಸುವುದನ್ನು ಬಿಟ್ಟಿದ್ದರಿಂದ, ದಿನಾ ಅವರನ್ನು ಕರೆತಂದು ಬಿಡುವುದೂ ನನ್ನ ಪಾಲಿಗೆ ಬಂತು.

ಅವರು ಇಂಗ್ಲೆಂಡಿನವರು. ಎಪ್ಪತ್ತು ದಾಟಿತ್ತು. ಈ ದೇಶದಲ್ಲಿ ಎಂಥವರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಯಿ ಹೊರಳಲಿಲ್ಲ, ಸರ್ ಎಂದೇ ಕರೆದೆ. ಮೊದಲ ವಾರ ಹಿಂದಕ್ಕೆ ತಿರುಗಿ ನೋಡುತ್ತಿದ್ದರು, ಯಾರನ್ನು ಕರೆದನೋ ಎಂದು. ಅವರ ಧ್ವನಿ ನನಗೆ ಹಬ್ಬದೂಟ. ಮಾತು ಅರ್ಧ ಮೂಗಿನೊಳಗೆ ಹೋಗಿ, ಅಲ್ಲಿ ಸ್ವಲ್ಪ ಬೆಚ್ಚಗಾಗಿ, ಆಮೇಲೆ ಹೊರಗೆ ಬರುತ್ತಿತ್ತು. ವಾಕ್ಯದ ಕೊನೆ ಮಾತ್ರ ಯಾರೋ ಮೆಟ್ಟಿಲು ತಪ್ಪಿ ಕೆಳಗಿಳಿದಂತೆ.

ಕಾರಿನಲ್ಲಿ ಅವರು ತಮ್ಮ ಕೆಲಸದ ಕತೆ ಹೇಳುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಉತ್ತರ ಇಂಗ್ಲೆಂಡಿನ ಯಾವುದೋ ಒದ್ದೆ ಊರಿನ ಸ್ಟುಡಿಯೋದಲ್ಲಿ ಚಹಾ ಹೊತ್ತು ಶುರು ಮಾಡಿದವರು. ಮೊದಲು ನಿರ್ದೇಶಿಸಿದ್ದು ಮಕ್ಕಳ ಸರಣಿ, ತುಂಬ ಕುದುರೆಗಳಿದ್ದದ್ದು. ಆಮೇಲೆ ಪೊಲೀಸರದ್ದು, ಆಸ್ಪತ್ರೆಯದ್ದು. "ಹದಿನೈದು ವರ್ಷದಲ್ಲಿ ಎಷ್ಟು ಜನರನ್ನು ಸಾಯಿಸಿದೆನೋ ಲೆಕ್ಕವಿಲ್ಲ. ಎಲ್ಲರೂ ಊಟದ ಹೊತ್ತಿಗೆ ಎದ್ದು ಬರುತ್ತಿದ್ದರು" ಎನ್ನುತ್ತಿದ್ದರು. ಎರಡು ಸಿನಿಮಾ ಮಾಡಿದ್ದರು. ಮೊದಲನೆಯದು ಒಂದು ವಾರ ಓಡಿತು. ಎರಡನೆಯದನ್ನು ಅರ್ಧದಲ್ಲಿ ಅವರ ಕೈಯಿಂದ ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟರು. ಶೂಟಿಂಗ್ ನಡೆಯುತ್ತಿರುವಾಗಲೇ ಪತ್ರ ಬಂತಂತೆ. ಓದಿ, ಜೇಬಿಗಿಟ್ಟು, ಆ ಶಾಟ್ ಮುಗಿಸಿ, ಎಲ್ಲರಿಗೂ ಗುಡ್ ನೈಟ್ ಹೇಳಿ ಮನೆಗೆ ಹೋದರಂತೆ. ಆಮೇಲೆ ಬಹಳ ವರ್ಷ ಸೂಪಿನ ಜಾಹೀರಾತು. ಕೊನೆಗೆ ಇಲ್ಲಿಗೆ.

"ಇದೊಂದನ್ನು ನಾನೇ ಮುಗಿಸಬೇಕು" ಎಂದು ಒಂದು ದಿನ ಹೇಳಿದರು. "ಆರು ಕಂತು. ಆರನೆಯದರ ಕೊನೆಯ ಶಾಟ್‌ಗೂ ನಾನೇ ಇರಬೇಕು. ಆಮೇಲೆ ಬೇಕಾದರೆ ನನ್ನನ್ನು ಮರೆತುಬಿಡಲಿ."

ಮರೆಯುತ್ತಿದ್ದವರು ಅವರೇ. ಇದನ್ನು ಸೆಟ್‌ನಲ್ಲಿ ಬಹುಶಃ ನಾನೊಬ್ಬನೇ ಸರಿಯಾಗಿ ಕಂಡಿದ್ದೆ, ಪಕ್ಕದ ಸೀಟಿನಲ್ಲಿ. ಬಿಳಿ ಟೇಪಿನ ತುಂಡುಗಳ ಮೇಲೆ ಅವತ್ತಿನ ದೃಶ್ಯಗಳ ನಂಬರು, ಜನರ ಹೆಸರು ಬರೆದು ಕೋಟಿನ ತೋಳಿನ ಒಳಮಗ್ಗುಲಿಗೆ ಅಂಟಿಸಿಕೊಳ್ಳುತ್ತಿದ್ದರು. ಸೆಟ್ ತಲುಪುವವರೆಗೂ ತುಟಿ ಅಲ್ಲಾಡುತ್ತಿತ್ತು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ. ನಿರ್ಮಾಪಕಿಗೆ ಏನೋ ವಾಸನೆ ಬಡಿದಿತ್ತು. ಎರಡು ಸಲ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದಳು: "ಅವರು ಚೆನ್ನಾಗಿದ್ದಾರೆ ತಾನೆ? ಏನಾದರೂ ಕಂಡರೆ ಹೇಳು. ವಿಮೆಯವರು ಕೇಳುತ್ತಾರೆ."

"ನನಗಿಂತ ಚೆನ್ನಾಗಿದ್ದಾರೆ" ಎಂದಿದ್ದೆ. ಆ ಕ್ಷಣ ಅದು ನಿಷ್ಠೆ ಎನಿಸಿತ್ತು.

ಅವರದೊಂದು ಪದ್ಧತಿಯಿತ್ತು. ಶಾಟ್ ಶುರು ಮಾಡಲು ಅವರು "ಆಕ್ಷನ್" ಎನ್ನುತ್ತಿರಲಿಲ್ಲ. ಹಿಂದೆ ಆ ಮಕ್ಕಳ ಸರಣಿಯಲ್ಲಿ ಕುದುರೆಗಳು ಆ ಪದವನ್ನು ಕಲಿತುಬಿಟ್ಟಿದ್ದವಂತೆ. ಯಾರು ಎಲ್ಲಿ ಆಕ್ಷನ್ ಎಂದರೂ ಓಟ ಕೀಳುತ್ತಿದ್ದವು, ಸವಾರ ಮೇಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅಂದಿನಿಂದ ಅವರು, "ಸರಿ ಹಾಗಾದರೆ, ಮುಂದೆ ಹೋಗೋಣ" ಎಂದು ಮೆಲ್ಲಗೆ ಹೇಳುತ್ತಿದ್ದರು. ಗಾಲಿಯಿರುವ, ಕಾಲಿರುವ ಯಾವುದನ್ನೇ ಓಡಿಸಬೇಕಾದರೂ ಆ ಮಾತನ್ನು ವಾಕಿಟಾಕಿಯಲ್ಲಿ ಅವರೇ ಹೇಳಬೇಕು, ಬೇರೆ ಯಾರೂ ಹೇಳಕೂಡದು. ಐವತ್ತು ವರ್ಷದಿಂದ ಹಾಗೆಯೇ. ಯಾರಿಗೂ ಪೆಟ್ಟಾಗಿರಲಿಲ್ಲ.

ವಿಂಡಮ್ ವೇಲ್‌ನ ಹೊಸ ಮನೆಗಳ ಸಾಲು ಮುಗಿದು ಬಯಲು ಶುರುವಾಗುವಲ್ಲಿ ಅವತ್ತಿನ ಕೆಲಸ. ಮಣ್ಣಿನ ದಾರಿಯಲ್ಲಿ ಹಳೆಯ ಟ್ರಕ್ಕೊಂದು ಜೋರಾಗಿ ಬಂದು ಬೇಲಿಗೆ ಗುದ್ದಬೇಕು. ಸ್ಟಂಟ್ ಡ್ರೈವರ್ ದೂರದಲ್ಲಿ ಟ್ರಕ್ಕಿನೊಳಗೆ ಕೂತಿದ್ದ. ಮೋಡ ಸರಿಯಲೆಂದು ಎಲ್ಲರೂ ಎರಡು ಗಂಟೆ ಕಾದೆವು. ಕಿವಿ ಹರಿಯುವ ಗಾಳಿ. ನಾನು ರಸ್ತೆಯ ತಿರುವಿನಲ್ಲಿ ನಿಂತಿದ್ದೆ. ನಮ್ಮ ವಾಕಿಟಾಕಿಯಲ್ಲಿ ಒಂದನೇ ಚಾನೆಲ್ ಕೆಲಸಕ್ಕೆ, ಐದನೆಯದು ಹರಟೆಗೆ. ಆಚೆ ಗೇಟು ಕಾಯುತ್ತಿದ್ದ ಇಬ್ಬರು ಬೇಸರದಿಂದ ಐದರಲ್ಲಿ ನನ್ನನ್ನು ಪೀಡಿಸುತ್ತಿದ್ದರು, ಯಾರನ್ನಾದರೂ ಮಾಡಿ ತೋರಿಸು ಎಂದು. ನಟರನ್ನು ಮಾಡಿದ್ದೆ, ಅಡುಗೆಯವನನ್ನು ಮಾಡಿದ್ದೆ. ನಿರ್ದೇಶಕರ ಧ್ವನಿಯನ್ನು ಮಾತ್ರ ಅಮ್ಮನಿಗೆ ಫೋನಿನಲ್ಲಿ ಕೇಳಿಸಿದ್ದು ಬಿಟ್ಟರೆ ಎಲ್ಲೂ ಮಾಡಿರಲಿಲ್ಲ. ಅದನ್ನು ಒಳ್ಳೆಯ ಅಂಗಿಯಂತೆ ಎತ್ತಿಟ್ಟಿದ್ದೆ.

ನಡುವೆ ಮೊದಲ ಸಹಾಯಕ ನಿರ್ದೇಶಕಿ ನನ್ನನ್ನು ಒಂದನೇ ಚಾನೆಲ್‌ಗೆ ಕರೆದು, ರಸ್ತೆ ಖಾಲಿಯಿದೆಯೇ ಎಂದು ಕೇಳಿದಳು. ಸೆಟ್ಟಿನ ಸುರಕ್ಷತೆಯೆಲ್ಲ ಅವಳ ಜವಾಬ್ದಾರಿ; ನಿರ್ದೇಶಕರ ಮಾತಿಗೆ ಮೊದಲು, ಎಲ್ಲರೂ ದೂರ ಸರಿದಿದ್ದಾರೆಂದು ಅವಳು ಹೇಳಬೇಕು. ಇದೆ ಎಂದೆ. ಮತ್ತೆ ಐದಕ್ಕೆ ತಿರುಗಿಸಿದೆ ಎಂದುಕೊಂಡೆ. ತಿರುಗಿಸಿರಲಿಲ್ಲ. ಗುಂಡಿ ಒತ್ತಿ, ಮೂಗಿನೊಳಗೆ ಉಸಿರು ಬೆಚ್ಚಗೆ ಮಾಡಿಕೊಂಡು, ನನ್ನ ಜೀವಮಾನದ ಅತ್ಯುತ್ತಮ ಅನುಕರಣೆ ಮಾಡಿದೆ.

"ಸರಿ ಹಾಗಾದರೆ, ಮುಂದೆ ಹೋಗೋಣ."

ದೂರದಲ್ಲಿ ಟ್ರಕ್ಕಿನ ಎಂಜಿನ್ ಗುಡುಗಿತು. ಮೊದಲು ನನಗೆ ನಗು ಬಂತು, ಎಂಥ ಕಾಕತಾಳೀಯ ಎಂದು. ಆಮೇಲೆ ದಾರಿಯಲ್ಲಿ ಧೂಳೆದ್ದದ್ದು ಕಂಡಿತು. ಬೇಲಿಯ ಹತ್ತಿರ ಕ್ಯಾಮೆರಾ ಸಹಾಯಕಿ ಮಂಡಿಯೂರಿ ಕೂತು, ಟೇಪು ಹಿಡಿದು ದೂರ ಅಳೆಯುತ್ತಿದ್ದಳು. ಟ್ರಕ್ಕಿಗೆ ಬೆನ್ನು ಹಾಕಿದ್ದಳು.

ನಾನು ಕೂಗಿದೆ. ಯಾರ ಧ್ವನಿಯಲ್ಲಿ ಕೂಗಿದೆನೋ ಗೊತ್ತಿಲ್ಲ. ಗಾಳಿ ಅದನ್ನು ಹಿಂದಕ್ಕೆ ಒಯ್ದಿತು. ಅವಳು ಕೊನೆಯ ಗಳಿಗೆಯಲ್ಲಿ ತಿರುಗಿ ಪಕ್ಕಕ್ಕೆ ಹಾರಿದಳು. ಡ್ರೈವರ್ ಸ್ಟಿಯರಿಂಗ್ ಎಳೆದ. ಟ್ರಕ್ಕು ಬೇಲಿ ಮುರಿದು ಆಚೆ ನಿಂತಿತು. ಧೂಳು ಇಳಿಯುವವರೆಗೆ ಅವಳು ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಹೊತ್ತು ಎಷ್ಟು ಉದ್ದವಿತ್ತೆಂದು ಇವತ್ತಿಗೂ ಹೇಳಲಾರೆ. ಆಮೇಲೆ ಅವಳು ಅಳುವುದು ಕೇಳಿಸಿತು. ಇನ್ನೊಬ್ಬರ ಅಳು ಕೇಳಿ ಅಷ್ಟು ಸಮಾಧಾನ ನನಗೆಂದೂ ಆಗಿರಲಿಲ್ಲ. ಪಾದದ ಗಂಟು ಮುರಿದಿತ್ತು.

ಮೊದಲ ಸಹಾಯಕಿ ಓಡಿಬಂದು ಕೇಳಿದಳು: "ಯಾರು ಹೋಗು ಅಂದದ್ದು?"

"ಅವರೇ ಅಂದರಲ್ಲ. ಅವರ ಮಾತೇ ಕೇಳಿಸಿತು. ಅದಕ್ಕೆ ಮೊದಲು ನೀನು ಹೇಳೋದನ್ನು ಗಾಳಿ ತಿಂದಿರಬೇಕು ಅಂದುಕೊಂಡೆ" ಎಂದ ಡ್ರೈವರ್.

ನಿರ್ದೇಶಕರು ಒಬ್ಬರೇ ಇದ್ದ, ಗಾಳಿಗೆ ಪಟಪಟಿಸುತ್ತಿದ್ದ ಡೇರೆಯತ್ತ ಎಲ್ಲರೂ ತಿರುಗಿದರು. ಅವರು ಹೊರಗೆ ಬಂದು ನಿಂತಿದ್ದರು, ಕೈಯಲ್ಲಿ ವಾಕಿಟಾಕಿ. ಅದನ್ನು ನೋಡಿದರು. ತೋಳಿನ ಒಳಮಗ್ಗುಲಿನ ಟೇಪು ನೋಡಿದರು, ಅದರಲ್ಲಿ ಉತ್ತರ ಬರೆದಿದೆಯೇನೋ ಎಂಬಂತೆ.

"ನಾನೇ ಹೇಳಿರಬೇಕು" ಎಂದರು.

ಆಗಲೇ ಬಾಯಿ ಬಿಡಬೇಕಿತ್ತು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಲೋಕದ ಎಲ್ಲರ ಧ್ವನಿ ಬರುವ ಬಾಯಿಯಿಂದ ಒಂದು ಕೀರಲು ಸದ್ದೂ ಬರಲಿಲ್ಲ.

ಶೂಟಿಂಗ್ ನಿಂತಿತು. ಕಂಪನಿ ಎಲ್ಲರಿಗೂ ಒಂದೊಂದು ಫಾರ್ಮ್ ಕಳಿಸಿತು, ನೀವು ಕಂಡದ್ದೇನು, ಕೇಳಿದ್ದೇನು ಎಂದು. ನಾನು ಬರೆದೆ: ನಿರ್ದೇಶಕರ ಧ್ವನಿ ಕೇಳಿಸಿತು. ಒಂದಕ್ಷರ ಸುಳ್ಳಿಲ್ಲ, ನೋಡಿ. ಅದನ್ನು ಕಳಿಸಿದ ಮೇಲೆ ಬಾಗಿಲ ಗಂಟೆ ಬಾರಿಸಿದರೆ ಪೊಲೀಸರು, ಫೋನು ಬಂದರೆ ನಿರ್ಮಾಪಕಿ ಎನಿಸುತ್ತಿತ್ತು. ಕೆಲಸ ಹೋಗುತ್ತದೆ, ಇನ್ನಾರೂ ಸೇರಿಸಿಕೊಳ್ಳುವುದಿಲ್ಲ, ಕೇಸು ಹಾಕುತ್ತಾರೆ, ಅಪ್ಪ ಭಾನುವಾರದ ಊಟಕ್ಕೆ ಯಾರನ್ನೂ ಕರೆಯುವಂತಿಲ್ಲ. ಹೀಗೆ ನನ್ನ ಬಗ್ಗೆಯೇ ಹೆದರುತ್ತಿದ್ದವನು, ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಆಮೇಲೆ ಹೆದರಿಕೆ ಬೇರೆ ಕಡೆಗೆ ತಿರುಗಿತು.

ಅಡುಗೆಮನೆಯ ಗೋಡೆ ತುಂಬ ಬಿಳಿ ಟೇಪು. ತಮ್ಮ ಮೊದಲ ಸರಣಿಯ ತಂಡದವರ ಹೆಸರನ್ನೆಲ್ಲ ನೆನಪಿನಿಂದ ಬರೆಯಲು ಹೊರಟಿದ್ದರು. ಅಲ್ಲಲ್ಲಿ ಖಾಲಿ ತುಂಡು.

"ವಾಕಿಟಾಕಿ ಯಾವ ಕೈಯಲ್ಲಿತ್ತು ಅನ್ನೋದೂ ನೆನಪಿಲ್ಲ. ನನ್ನ ಬಾಯಿಂದ ಮಾತು ಹೊರಟು, ಒಬ್ಬ ಹುಡುಗಿ ಚಕ್ರದಡಿ ಹೋಗ್ತಿದ್ದಳು. ನನಗೆ ಆ ಮಾತು ಹೇಳಿದ್ದೇ ಗೊತ್ತಿಲ್ಲ. ಇದು ಯಾವಾಗಿಂದ ಶುರುವಾಗಿದೆಯೋ. ಇನ್ನೇನೇನು ಹೇಳಿದ್ದೇನೋ" ಎಂದರು.

ಆ ದಿನದಿಂದ ಒಲೆ ಹಚ್ಚಿರಲಿಲ್ಲ, ಹಚ್ಚಿ ಮರೆತರೆ ಎಂದು. ಬ್ರೆಡ್ಡು ತಿನ್ನುತ್ತಿದ್ದರು.

ಮುಂದಿನ ವಾರ ಸಿಡ್ನಿಯಲ್ಲಿ ಕಂಪನಿಯ ಮೀಟಿಂಗ್ ಗೊತ್ತಾಯಿತು, ವಿಮೆಯವರೂ ಬರುತ್ತಾರೆಂದು. ಉಳಿದೆರಡು ಕಂತು ಅವರು ಮಾಡಬೇಕೋ ಬೇಡವೋ ಅಲ್ಲೇ ತೀರ್ಮಾನ. ಈಚೆಗೆ ಶುರುವಾದ ಕಿವಿಯ ತೊಂದರೆಯಿಂದ ವಿಮಾನ ಅವರಿಗಾಗದು. ಕಾರಿನಲ್ಲಿ ಕರೆದುಕೊಂಡು ಬಾ ಎಂದು ಕಂಪನಿಯವರು ನನಗೆ ಹೇಳಿದರು. ವಾಕಿಟಾಕಿಗಳನ್ನು ಪರೀಕ್ಷಿಸಬೇಕಂತೆ, ಹಂಚಿದವನು ನಾನೇ ಆದ್ದರಿಂದ ಆ ಪೆಟ್ಟಿಗೆಯನ್ನೂ ತರಬೇಕು. ಅಮ್ಮನಿಗೆ ಫೋನು ಮಾಡಿದೆ.

"ಯಾಕೋ, ದನಿ ಹಿಂಗ್ಯಾಕ ಆಗೇದ?"

"ಏನಾಗಿಲ್ಲಮ್ಮಾ, ಆರಾಮ ಇದ್ದೀನಿ."

"ಸುಳ್ಳ ಹೇಳಬ್ಯಾಡ. ಫೋನ್ ಎತ್ತಿದಾಗಿಂದ ಒಬ್ಬರ ದನಿನೂ ತಗದಿಲ್ಲ ನೀ. ಜ್ವರ ಬಂದಾವೇನು?"

"ಬಂದಿಲ್ಲ."

"ಹಂಗಾದ್ರ ಆ ನಿಮ್ಮ ಸಾಹೇಬರನ್ನ ಊಟಕ್ಕ ಕರಕೊಂಡು ಬಾ. ಒಬ್ಬರ ಇರ್ತಾರ ಅಂತೀ. ರೊಟ್ಟಿ ಮಾಡ್ತೀನಿ."

ಹತ್ತು ಗಂಟೆಯ ದಾರಿ. ನಡುದಾರಿಯ ಅಲ್ಬರಿಯಲ್ಲಿ ನಿಜ ಹೇಳಬೇಕೆಂದುಕೊಂಡೆ. ಅಲ್ಬರಿಯಲ್ಲಿ ಕಾಫಿ ಕುಡಿದೆವು. ಗಂಡಗೈನಲ್ಲಿ ಹೇಳೋಣವೆಂದೆ. ಅಲ್ಲಿ ಪೆಟ್ರೋಲು ಹಾಕಿಸಿದೆ. ಅವರು ಕಿಟಕಿಯಾಚೆ ನೋಡುತ್ತ, ಮಡಚಿದ ಕಾಗದವೊಂದನ್ನು ತೋರಿಸಿದರು. "ಈ ಸಲ ಅವರ ಪತ್ರಕ್ಕೆ ಕಾಯೋದಿಲ್ಲ. ನಾನೇ ರಾಜೀನಾಮೆ ಬರೆದಿದ್ದೇನೆ" ಎಂದರು.

ಸಂಜೆ ಆರಕ್ಕೆ ಕ್ವೇಕರ್ಸ್ ಹಿಲ್. ಅಮ್ಮ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದಳು. ಅವರು ರೊಟ್ಟಿಯನ್ನು ಮೊದಲು ಬೆರಳಿನಿಂದ ಬಡಿದು ನೋಡಿ, ಆಮೇಲೆ ಖುಷಿಯಿಂದ ತಿಂದರು. ಖಾರಕ್ಕೆ ಕಣ್ಣೀರು ಬಂತು. ಎಷ್ಟೋ ದಿನಗಳ ನಂತರ ಅವರು ಬಿಸಿ ಊಟ ಮಾಡುತ್ತಿದ್ದಾರೆಂದು ನನಗೊಬ್ಬನಿಗೇ ಗೊತ್ತಿತ್ತು. ಅಪ್ಪ ಇಂಗ್ಲಿಷಿನಲ್ಲಿ, ತಮ್ಮ ಬ್ಯಾಂಕಿನ ಧ್ವನಿಯಲ್ಲಿ, "ಸರ್, ನಿಮ್ಮ ಕ್ಷೇತ್ರದಲ್ಲಿ ಪರ್ಮನೆಂಟ್ ಕೆಲಸ ಅಂತ ಇರುತ್ತದೆಯೇ?" ಎಂದು ಕೇಳಿದರು.

"ಐವತ್ತು ವರ್ಷದಿಂದ ನಾನೂ ಅದನ್ನೇ ಹುಡುಕುತ್ತಿದ್ದೇನೆ" ಎಂದರು ಅವರು.

ಅಮ್ಮ ನಕ್ಕಳು. ಅವಳಿಗೆ ಧೈರ್ಯ ಬಂತು. ತನ್ನ ಇಂಗ್ಲಿಷಿನಲ್ಲಿ ಶುರು ಮಾಡಿದಳು: "ಸರ್, ನನ್ನ ಮಗ ಎಲ್ಲರ ಹಾಗೆ ಮಾತಾಡುತ್ತಾನೆ, ನಿಮಗೆ ಗೊತ್ತೇ? ನಿಮ್ಮ ಹಾಗೆಯೂ. ಫೋನಿನಲ್ಲಿ ಮಾಡಿದ್ದ. ನೀವೇ ಮಾತಾಡುತ್ತಿದ್ದೀರಿ ಅಂದುಕೊಂಡೆ ನಾನು."

ನನ್ನ ಕೈಯಲ್ಲಿದ್ದ ರೊಟ್ಟಿ ಮುರಿಯಿತು.

"ಹೌದೇ? ಮಾಡು ನೋಡೋಣ" ಎಂದರು, ಮೊದಲ ಬಾರಿಗೆ ನಗುತ್ತ.

"ಬರೋದಿಲ್ಲ ಸರ್."

"ಬರ್ತದ, ಬರ್ತದ" ಎಂದಳು ಅಮ್ಮ ಕನ್ನಡದಲ್ಲಿ. "ಈಗ್ಯಾಕ ನಾಚಿಗಿ? ಎಲ್ಲರ ಮಾನಾ ಕಳ್ಯೂ ಮುಂದ ನಾಚಿಗಿ ಬರೂದಿಲ್ಲ ನಿನಗ."

ಅಲ್ಬರಿಯಿಂದ ನುಂಗಿಕೊಂಡು ಬಂದದ್ದು ಅಲ್ಲಿ, ಶೇಂಗಾ ಚಟ್ನಿಯ ಮುಂದೆ, ಹೊರಗೆ ಬಿತ್ತು. "ಸರ್, ಅವತ್ತು ಹೇಳಿದ್ದು ನೀವಲ್ಲ. ನಾನು. ತಮಾಷೆಗೆ ನಿಮ್ಮ ಧ್ವನಿ ಮಾಡಿದೆ. ಚಾನೆಲ್ ತಪ್ಪಿತ್ತು."

ಅಮ್ಮ ಅಪ್ಪನ ಮುಖ ನೋಡಿದಳು. ನಿರ್ದೇಶಕರು ಕೈ ಒರೆಸಿಕೊಂಡರು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಅವರ ಕಣ್ಣಿನಲ್ಲಿ ಬಂದದ್ದು ಕರುಣೆ. ಅದನ್ನು ನೋಡಿ ನನಗೆ ನಿಜವಾದ ಹೆದರಿಕೆ ಹುಟ್ಟಿತು.

"ನೀನು ಒಳ್ಳೆಯ ಹುಡುಗ" ಎಂದರು. "ಆದರೆ ಬೇಡ."

ಆಮೇಲೆ ಮೆಲ್ಲಗೆ ಹೇಳಿದರು. ಪೊಲೀಸ್ ಸರಣಿಯ ದಿನಗಳಲ್ಲಿ ಅವರ ಆತುರದಿಂದ ದೊಡ್ಡ ದೀಪವೊಂದು ಬಿದ್ದು ಒಬ್ಬ ನಟನ ಭುಜ ಮುರಿದಿತ್ತಂತೆ. ಸಹಾಯಕಿಯೊಬ್ಬಳು, ಇಪ್ಪತ್ತೆರಡರ ಹುಡುಗಿ, ತಪ್ಪು ತನ್ನದು ಎಂದಳಂತೆ. ಇವರು ಸುಮ್ಮನಿದ್ದುಬಿಟ್ಟರು. ಇವರಿಗೆ ಮುಂದಿನ ಸರಣಿ ಸಿಕ್ಕಿತು. ಅವಳನ್ನು ಮತ್ತೆ ಯಾವ ಸೆಟ್ಟಿನಲ್ಲೂ ಯಾರೂ ಕಾಣಲಿಲ್ಲ.

"ಅಂಥದ್ದನ್ನು ಎರಡನೇ ಸಲ ತಗೊಳ್ಳೋದಿಲ್ಲ ನಾನು."

"ಸರ್, ದೇವರಾಣೆ, ನಾನೇ..."

"ಹಾಗಾದರೆ ಮಾಡಿ ತೋರಿಸು."

ಬಾಯಿ ತೆರೆದೆ. ಎದುರಿಗೆ ಆ ಮುಖ, ನನ್ನನ್ನೇ ನೋಡುತ್ತಿದ್ದ ಆ ಕಣ್ಣು. ಬಂದದ್ದು ಎಂಥದ್ದೋ ಗೊಗ್ಗರು ಧ್ವನಿ, ಶೀತವಾದ ಹುಂಜದ್ದು. ಇನ್ನೊಮ್ಮೆ ಪ್ರಯತ್ನಿಸಿದೆ. ಇನ್ನೂ ಕೆಟ್ಟದಾಯಿತು. ಅವರು ನನ್ನ ಭುಜ ತಟ್ಟಿ, ಅಮ್ಮನತ್ತ ತಿರುಗಿ, ಊಟ ತುಂಬ ಚೆನ್ನಾಗಿತ್ತು ಎಂದರು. ಕಾರು ಹತ್ತುವಾಗ ಅವರ ಕೈ ಕೋಟಿನ ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡಿತು.

ಹೋಟೆಲಿಗೆ ಅವರನ್ನು ಬಿಟ್ಟು ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಖರೇನ ನೀನ ಹೇಳಿದ್ದೇನು?"

"ಹೌದಪ್ಪಾ."

"ಹಂಗಾದ್ರ ನಾಳೆ ಎಷ್ಟ ಸಲಾ ಬೇಕಾದ್ರೂ ಹೇಳು. ನಂಬೂತನಾ ಹೇಳು" ಎಂದು ಒಳಗೆ ಹೋದರು. ಅವರ ಆ ಧ್ವನಿಯನ್ನು ನಾನೆಂದೂ ಅನುಕರಿಸಿರಲಿಲ್ಲ. ಕೇಳಿಯೇ ಇರಲಿಲ್ಲ.

ಬೆಳಿಗ್ಗೆ ಕಂಪನಿಯ ಆಫೀಸಿನ ಗಾಜಿನ ಕೋಣೆಯಲ್ಲಿ ನಾಲ್ವರು: ನಿರ್ಮಾಪಕಿ, ವಿಮೆಯವ, ವಿಮಾನದಲ್ಲಿ ಬಂದ ಮೊದಲ ಸಹಾಯಕಿ, ನಿರ್ದೇಶಕರು. ಅವರು ಆಗಲೇ ಪತ್ರವನ್ನು ಮೇಜಿನ ಮೇಲಿಟ್ಟಿದ್ದರು, ಇನ್ನೂ ಆಚೆ ಸರಿಸಿರಲಿಲ್ಲ. ನಾನು ವಾಕಿಟಾಕಿ ಪೆಟ್ಟಿಗೆ ಹಿಡಿದು ಒಳಗೆ ಹೋಗುತ್ತಲೇ ಹೇಳಿದೆ: "ಹೇಳಿದ್ದು ನಾನು. ಇವರಲ್ಲ."

"ನಿನ್ನೆಯಿಂದ ನನ್ನನ್ನು ಉಳಿಸಲು ನೋಡುತ್ತಿದ್ದಾನೆ. ದಯವಿಟ್ಟು ಬರೆದುಕೊಳ್ಳಬೇಡಿ" ಎಂದರು ನಿರ್ದೇಶಕರು. ನಿರ್ಮಾಪಕಿ ನನ್ನತ್ತ ಕನಿಕರದಿಂದ ನೋಡಿದಳು. ನನ್ನ ಫಾರ್ಮ್ ಅವಳ ಮುಂದೆಯೇ ಇತ್ತು. "ಇಲ್ಲಿ ನಿರ್ದೇಶಕರ ಧ್ವನಿ ಕೇಳಿಸಿತು ಅಂತ ಬರೆದಿದ್ದೀಯಲ್ಲ" ಎಂದಳು.

ವಿಮೆಯವನಿಗೆ ಇದೆಲ್ಲ ಬೇಕಿರಲಿಲ್ಲ. ಒಂದು ವಾಕಿಟಾಕಿ ಇಲ್ಲಿಟ್ಟು ಇನ್ನೊಂದನ್ನು ಹೊರಗೆ ಒಯ್ದು ಮಾತಾಡು, ಚಾನೆಲ್ ಸರಿಯಾಗಿ ಹಿಡಿಯುತ್ತದೋ ನೋಡೋಣ ಎಂದ. ಒಂದನ್ನು ಮೇಜಿನ ಮೇಲಿಟ್ಟು ಒಂದನೇ ಚಾನೆಲ್‌ಗೆ ತಿರುಗಿಸಿದೆ. ಇನ್ನೊಂದನ್ನು ಹಿಡಿದು ಹೊರಟೆ.

ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಮೆಟ್ಟಿಲಿನ ಬಾಗಿಲು. ಅದರಾಚೆ ನಿಂತೆ. ಸಿಮೆಂಟಿನ ಗೋಡೆ, ಎದುರಿಗೆ ಯಾರೂ ಇಲ್ಲ. ಈಗ ಬರದಿದ್ದರೆ ಆ ಪತ್ರ ಮೇಜಿನ ಆಚೆಗೆ ಹೋಗುತ್ತದೆ. ಬಂದರೆ ನನ್ನ ಕತೆ ಮುಗಿಯುತ್ತದೆ. ಗುಂಡಿ ಒತ್ತಿದೆ. ಬರೀ ಉಸಿರು ಹೋಯಿತು. ಬಿಟ್ಟೆ. ಗೋಡೆಗೆ ಹಣೆಯಿಟ್ಟೆ. ಅಡುಗೆಮನೆಯ ಗೋಡೆಯ ಮೇಲಿನ ಖಾಲಿ ಟೇಪಿನ ತುಂಡುಗಳು ಕಣ್ಣಿಗೆ ಬಂದವು. ಮತ್ತೆ ಒತ್ತಿದೆ.

"ಸರಿ ಹಾಗಾದರೆ, ಮುಂದೆ ಹೋಗೋಣ."

ಬೆನ್ನ ಹಿಂದೆ ಕೇಳಿದಂತಿತ್ತು. ಅವರೇ ಬಂದು ನಿಂತರೇನೋ ಎಂದು ನಾನೇ ತಿರುಗಿ ನೋಡಿದೆ.

ಪಡಸಾಲೆಯನ್ನು ಮರಳಿ ದಾಟಿದ್ದು ನೆನಪಿಲ್ಲ. ಗಾಜಿನಾಚೆ ಯಾರೂ ಅಲ್ಲಾಡುತ್ತಿರಲಿಲ್ಲ. ಮೂವರೂ ನಿರ್ದೇಶಕರ ಮುಚ್ಚಿದ ಬಾಯಿಯನ್ನೇ ನೋಡುತ್ತಿದ್ದರು. ಮೊದಲ ಸಹಾಯಕಿಯ ಕೈ ಬಾಯಿಯ ಮೇಲಿತ್ತು. ನಿರ್ದೇಶಕರು ಮೇಜಿನ ಮೇಲಿನ ವಾಕಿಟಾಕಿಯಿಂದ ಕಣ್ಣು ತೆಗೆಯದೆ ಕೇಳಿದರು:

"ನನ್ನ ಧ್ವನಿ ಅಷ್ಟು ಹೆದರಿಕೊಂಡಿದೆಯೇ?"

"ಇಲ್ಲ ಸರ್. ಆ ಹೆದರಿಕೆ ನನ್ನದು."

ಆಗ ಸಿಟ್ಟು ಬಂತು. ಕೂಗಲಿಲ್ಲ ಅವರು. "ಹನ್ನೊಂದು ದಿನ" ಎಂದರು. "ಹನ್ನೊಂದು ದಿನ ನಾನು ಒಲೆ ಹಚ್ಚಿಲ್ಲ. ನಿನಗದು ಗೊತ್ತಿತ್ತು. ನನ್ನ ಅಡುಗೆಮನೆಯಲ್ಲಿ ಕೂತು ನೋಡಿದ್ದೆ."

ಕೈಯಲ್ಲಿದ್ದ ವಾಕಿಟಾಕಿಯನ್ನು ಪೆಟ್ಟಿಗೆಯೊಳಗೆ ಇಟ್ಟೆ.

ನಿರ್ಮಾಪಕಿ ನನ್ನನ್ನು ಅಲ್ಲೇ ಕೆಲಸದಿಂದ ತೆಗೆದಳು. ವಿಮೆಯವ ಹೊಸ ಹಾಳೆ ತೆಗೆದು ಎಲ್ಲವನ್ನೂ ಮೊದಲಿನಿಂದ ಬರೆಸಿಕೊಂಡ. ಮುಂದೇನಾಗುತ್ತದೆಂದು ವಕೀಲರು ತಿಳಿಸುತ್ತಾರೆ ಎಂದ. ನಿರ್ದೇಶಕರು ಸೋಮವಾರ ಕೆಲಸ ಶುರು ಮಾಡುವುದೆಂದಾಯಿತು. ಅವರು ಪತ್ರವನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಮತ್ತೆ ಜೇಬಿಗಿಟ್ಟರು. ನನ್ನ ನೋಟ ಅದರ ಮೇಲಿದ್ದದ್ದು ಕಂಡು, "ನೀನು ಹೇಳಿದ್ದು ಒಂದು ವಾಕ್ಯ. ಉಳಿದ ಮರೆವೆಲ್ಲ ನನ್ನದೇ" ಎಂದರು.

ಕಾರು ಸೋಮವಾರದೊಳಗೆ ಮೆಲ್ಬರ್ನ್‌ಗೆ ಮರಳಬೇಕಿತ್ತು. ಅವರೂ ಮರಳಬೇಕಿತ್ತು. ಓಡಿಸಲು ಬೇರೆ ಯಾರೂ ಇರಲಿಲ್ಲ. ಅದೇ ಕಾರು, ಕೆಲಸ ಕಳೆದುಕೊಂಡ ಡ್ರೈವರು. ಹೊರಡುವ ಮೊದಲು ಪಾರ್ಕಿಂಗಿನಲ್ಲಿ ನಿಂತು ಕ್ಯಾಮೆರಾ ಸಹಾಯಕಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಫೋನಿಟ್ಟಳು. ಪಾದದಲ್ಲಿ ಇನ್ನೂ ಸ್ಕ್ರೂ ಇದೆಯಂತೆ, ಆಮೇಲೆ ಬೇರೆಯವರಿಂದ ತಿಳಿಯಿತು.

ನಿರ್ದೇಶಕರು ಬಂದರು. ಹಿಂದಿನ ಬಾಗಿಲು ತೆಗೆದು ಹಿಂದೆ ಕೂತರು.

ಸಿಡ್ನಿ ದಾಟುವವರೆಗೆ ಕನ್ನಡಿಯಲ್ಲಿ ನೋಡಲು ಧೈರ್ಯವಾಗಲಿಲ್ಲ. ಹೈವೇ ಸೇರಿದ ಮೇಲೆ ಹಿಂದಿನಿಂದ ಅವರ ಧ್ವನಿ ಶುರುವಾಯಿತು. ತೋಳಿನ ಟೇಪು ನೋಡದೆ, ಸೋಮವಾರದ ತಂಡದವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ಬೆಳಕಿನವರು, ಧ್ವನಿಯವರು, ಬಟ್ಟೆಯವರು. ಕ್ಯಾಮೆರಾದವರ ಹತ್ತಿರ ನಿಂತರು. ಕಾಲು ಮುರಿದುಕೊಂಡವಳ ಹೆಸರು ಬರುತ್ತಿರಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿತ್ತು. ಉಸಿರೆಳೆದೆ.

"ಹೇಳಬೇಡ" ಎಂದರು.

ಹೇಳಲಿಲ್ಲ. ಲಾರಿಗಳು ದಾಟಿಕೊಂಡು ಹೋದವು, ಒಣಹುಲ್ಲಿನ ಗುಡ್ಡಗಳು ಬಂದವು. ಆ ಹೆಸರು ಬರದಿದ್ದರೆ ಅವರು ಆ ಪತ್ರ ತೆಗೆಯುತ್ತಾರೆಂದು ನನಗೆ ಏಕೋ ಖಚಿತವಾಗಿತ್ತು. ಗೌಲ್‌ಬರ್ನ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅವಳ ಹೆಸರು ಕೇಳಿಸಿತು, ಪೂರ್ತಿ ಹೆಸರು, ಮನೆತನದ ಹೆಸರೂ ಸೇರಿ.

ಸರಿಯಾಗಿತ್ತು. ಸರಿ ಎಂದು ನಾನು ಹೇಳಲಿಲ್ಲ. ಅವರು ನನ್ನನ್ನು ಕೇಳಿರಲಿಲ್ಲ.